ರಕ್ತಕಣಗಳೂ ಮನಸ್ಸಿನ ಖಿನ್ನತೆಯೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿಕೊಂಡಾಗ ನಾವು ಬಹಳ ಸಂಕೋಚಪಟ್ಟೆವು. ಕಥೆಯನ್ನಾಗಲಿ ಕವನವನ್ನಾಗಲಿ ರಚಿಸುವ ಶಕ್ತಿ ನಮಗಿಲ್ಲ. ಈ ಶಾಲೆಯ ಮೆಟ್ಟಲಿಳಿದು ಹೋದ ಮೇಲೆ ನಮ್ಮ ಜೀವಮಾನದ ಹೆಚ್ಚಿನ ಭಾಗವು ಒಂದು ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ, ಸೂಕ್ಷ್ಮದರ್ಶಕದ ಮುಂದೆ ಕಳೆಯಿತು. ಆದರೆ ಕಂಡವರು ಕಂಡುದನ್ನು ಹೇಳುವುದು ಉಚಿತವಷ್ಟೆ. ಆದುದರಿಂದ ರಕ್ತವನ್ನು ಕುರಿತೇ ನಾಲ್ಕು ಮಾತುಗಳನ್ನು ಬರೆಯಲು ಧೈರ್ಯಮಾಡಿದ್ದೇವೆ. ಅದರಲ್ಲಿಯೂ ರಕ್ತಕ್ಕೂ ಮನಸ್ಸಿಗೂ ಇರುವ ಸಂಬಂಧವನ್ನು ಕುರಿತು ಬರೆಯಬೇಕೆಂಬುದು ನಮ್ಮ ಬಹು ದಿನಗಳ ಅಪೇಕ್ಷೆ. ವಿಷಯವು ಸ್ವಲ್ಪ ಕಠಿನವಾದರೂ ಇದು ನಮ್ಮ ಮನೆಗಳಿಗೆ ತೀರ ಹತ್ತಿರವಾದ ವಿಷಯ. ವಾಚಕರು ತಾಳ್ಮೆಯಿಂದ ಕೊನೆಯವರೆಗೆ ಓದಬೇಕೆಂದು ಪ್ರಾರ್ಥಿಸುತ್ತೇವೆ.

ನಮ್ಮ ಮಾತಿನಲ್ಲಿ ರಕ್ತವೆಂಬ ಶಬ್ದವು ಎಷ್ಟೋ ಕಡೆಗಳಲ್ಲಿ ಬರುತ್ತದೆ. ಬಂಧುಗಳನ್ನು ರಕ್ತಸಂಬಂಧಿಗಳೆನ್ನುತ್ತೇವೆ. ಸಿಟ್ಟು ಬಂದರೆ ರಕ್ತ ಕುದಿಯಿತೆನ್ನುತ್ತೇವೆ. ಒಂದು ಮನೆಯ ಹೆಣ್ಣುಮಗಳಿಗೆ ಮನಸ್ಸಿನ ಕಾಯಿಲೆ ಬಂದಿತೆಂದರೆ, “ಅದು ಆ ಮನೆತನದ ರಕ್ತದಲ್ಲಿಯೇ ಇದೆ” ಎಂದು ಪಿಸುಗುಟ್ಟುವವರಿಗೂ ಕಡಿಮೆಯಿಲ್ಲ. ಈ ಒಂದು ಮಾತಿನಿಂದ ಎಷ್ಟು ಮದುವೆಗಳು ಮುರಿದುಹೋದವೋ, ಎಷ್ಟು ಮಂದಿ ತಾಯಂದಿರು ವೈದ್ಯರ ಬಾಗಿಲಿಗೆ ಹೋಗದೆ ಮಗಳ ಸಂಕಟವನ್ನು ಸೆರಗಿನಲ್ಲಿ ಮುಚ್ಚಿಟ್ಟರೋ ಹೇಳಲಾಗದು. ಈಗಿನ ವಿಜ್ಞಾನಿಗಳೂ ಖಿನ್ನತೆಯ ಗುರುತುಗಳು ರಕ್ತದಲ್ಲಿ ದೊರೆಯುವುವೇ ಎಂದು ಹುಡುಕುತ್ತಿದ್ದಾರೆ. ಎರಡು ಮಾತುಗಳೂ ಕೇಳುವುದಕ್ಕೆ ಒಂದೇ ಬಗೆಯಾಗಿವೆ. ಆದರೆ ಅವುಗಳ ಅರ್ಥಗಳಿಗೆ ಅಜಗಜಾಂತರವುಂಟು. ಆ ಅಂತರವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಖಿನ್ನತೆಯೆಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಪ್ರಿಯರ ಮರಣದಿಂದಲೋ ಪರೀಕ್ಷೆಯಲ್ಲಿ ತೇರ್ಗಡೆಯಾಗದುದರಿಂದಲೋ ಬರುವ ದುಃಖವು ಖಿನ್ನತೆಯಲ್ಲ. ದುಃಖವು ಮನುಷ್ಯಸಹಜವಾದುದು, ಕಾಲಕ್ರಮದಲ್ಲಿ ಹಗುರವಾಗುವಂಥದು. ಖಿನ್ನತೆಯಾದರೋ ಎರಡು ವಾರಗಳಿಗೂ ಮಿಕ್ಕಿ, ದಿನದ ಬಹುಭಾಗವೆಲ್ಲ ಮನಸ್ಸನ್ನು ಕವಿದುಕೊಂಡಿರುವ ಒಂದು ರೋಗ. ಹಿಂದೆ ಹಿತವಾಗಿದ್ದುದು ಯಾವುದೂ ಹಿತವಾಗದು. ನಿದ್ರೆ ಕೆಡುತ್ತದೆ, ಹಸಿವು ಕೆಡುತ್ತದೆ, ಕೈಕಾಲುಗಳಲ್ಲಿ ಬಲವಿಲ್ಲದಂತಾಗುತ್ತದೆ. ತಾನು ಯಾವುದಕ್ಕೂ ಬಾರದವಳೆಂಬ ಭಾವನೆಯು ಬೇರೂರುತ್ತದೆ. ಕೆಲವರಿಗೆ ಬದುಕೇ ಬೇಡವೆನಿಸುವುದೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೫–೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ಸುಮಾರು ಇಪ್ಪತ್ತು ಮಂದಿ ವಯಸ್ಕರಲ್ಲಿ ಒಬ್ಬರು ತಮ್ಮ ಆಯುಷ್ಯದಲ್ಲಿ ಒಮ್ಮೆಯಾದರೂ ಈ ರೋಗಕ್ಕೆ ತುತ್ತಾಗಿರುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಹೀಗಿರುವಲ್ಲಿ ನಮ್ಮ ಶಾಲೆಯ ಒಂದೊಂದು ತರಗತಿಯಿಂದಲೂ ಒಬ್ಬಿಬ್ಬರಾದರೂ ಈ ದಾರಿಯಲ್ಲಿ ನಡೆದಿರಬೇಕಲ್ಲವೇ?

ಮನಸ್ಸಿನ ವಿಷಾದಕ್ಕೆ ದೇಹದಲ್ಲಿ ಕಾರಣವಿರಬೇಕೆಂಬ ಊಹೆಯು ಹೊಸದಲ್ಲ. ಪ್ರಾಚೀನ ಗ್ರೀಕ್ ವೈದ್ಯರು ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತಗಳೆಂಬ ನಾಲ್ಕು ರಸಗಳಿವೆಯೆಂದೂ, ಕಪ್ಪು ಪಿತ್ತವು ಹೆಚ್ಚಾದರೆ ಮನಸ್ಸು ಕುಗ್ಗುವುದೆಂದೂ ನಂಬಿದ್ದರು. ಇಂಗ್ಲಿಷಿನವರ ‘ಮೆಲಂಕೊಲಿ’ ಎಂಬ ಮಾತಿಗೆ ಮೂಲಾರ್ಥವೇ ಕಪ್ಪು ಪಿತ್ತವೆಂದು. ಅಂಥ ಕಪ್ಪು ರಸವನ್ನು ಇದುವರೆಗೆ ಯಾರೂ ಕಂಡಿಲ್ಲ. ಆದರೆ ಮನಸ್ಸಿನ ಸುದ್ದಿಯನ್ನು ದೇಹದಲ್ಲಿಯೂ ವಿಚಾರಿಸಬೇಕೆಂಬ ಅವರ ಬುದ್ಧಿಯು ವ್ಯರ್ಥವಾಗಲಿಲ್ಲ.

ಇನ್ನು ರಕ್ತಕಣದ ವಿಚಾರಕ್ಕೆ ಬರೋಣ. ಕೆಂಪು ರಕ್ತಕಣವು ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ಸುಮಾರು ೧೨೦ ದಿನಗಳ ಕಾಲ ಬದುಕಿ ತನ್ನ ಸೇವೆಯನ್ನು ಮುಗಿಸುತ್ತದೆ. ನಾವು ಒಮ್ಮೆ ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಲಕ್ಷಾಂತರ ಹೊಸ ಕಣಗಳು ಹುಟ್ಟಿರುತ್ತವೆ. ಬೇರೆ ಜೀವಕೋಶಗಳ ಒಳಗೆ ಬೀಜಕೇಂದ್ರವೂ ಹಲವು ಸಣ್ಣ ಕೋಣೆಗಳೂ ಇರುತ್ತವೆ. ಬೆಳೆದ ಕೆಂಪು ಕಣವಾದರೋ ಅವೆಲ್ಲವನ್ನೂ ತೊರೆದುಬಿಟ್ಟಿರುತ್ತದೆ. ಅದರಲ್ಲಿ ಉಳಿಯುವುದು ಒಳಗೆ ತುಂಬಿದ ಹಿಮೊಗ್ಲೋಬಿನ್, ಹೊರಗೆ ಒಂದೇ ಒಂದು ಪೊರೆ. ಆದುದರಿಂದಲೇ ಕೋಶಪೊರೆಯ ಗುಟ್ಟನ್ನು ಅರಿಯಬೇಕೆಂದವರು ಮೊದಲು ಕೆಂಪು ಕಣದ ಬಳಿಗೇ ಹೋದರು.

೧೯೨೫ರಲ್ಲಿ ಹಾಲೆಂಡಿನ ಮಕ್ಕಳ ವೈದ್ಯರಾದ ಗಾರ್ಟರ್ ಎಂಬವರೂ ಅವರ ಸಹಾಯಕರಾದ ಗ್ರೆಂಡೆಲ್ ಎಂಬವರೂ ಕೆಂಪು ಕಣಗಳಿಂದ ಕೊಬ್ಬನ್ನು ಬೇರ್ಪಡಿಸಿ, ಅದನ್ನು ನೀರಿನ ಮೇಲೆ ಒಂದೇ ಪದರವಾಗಿ ಹರಡಿ ಅಳೆದರು. ಆ ಕಣಗಳ ಮೈಯ ವಿಸ್ತೀರ್ಣದ ಎರಡರಷ್ಟು ಜಾಗವನ್ನು ಅದು ಆವರಿಸಿತು. ಹಾಗಾದರೆ ಕಣದ ಪೊರೆಯು ಎರಡು ಪದರದ್ದಾಗಿರಬೇಕೆಂದು ಅವರು ನಿರ್ಣಯಿಸಿದರು. ಅವರ ಲೆಕ್ಕದಲ್ಲಿ ಎರಡು ದೋಷಗಳಿದ್ದುವು. ಒಂದು ಮತ್ತೊಂದನ್ನು ಸರಿದೂಗಿಸಿದ್ದರಿಂದ ಉತ್ತರವು ಮಾತ್ರ ಸರಿಯಾಗಿಯೇ ಬಂದಿತು! ಮುಂದೆ ೧೯೭೨ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಎಂಬ ವಿಜ್ಞಾನಿಗಳು ಈ ಪೊರೆಯು ಗೋಡೆಯಂತೆ ಗಟ್ಟಿಯಾದುದಲ್ಲವೆಂದೂ, ಎಣ್ಣೆಯಂತೆ ಹರಿದಾಡುವ ಎರಡು ಪದರಗಳಲ್ಲಿ ಪ್ರೋಟೀನುಗಳು ತೇಲಾಡುತ್ತಿರುವುವೆಂದೂ ತಿಳಿಸಿದರು. ಇದರ ದಪ್ಪವು ಒಂದು ಮಿಲಿಮೀಟರಿನ ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ಒಳಗೆ ಯಾರು ಬರಬೇಕು, ಹೊರಗೆ ಯಾರು ಹೋಗಬೇಕು, ಹೊರಗಿನ ಯಾವ ಸಂದೇಶವು ಒಳಗೆ ತಲುಪಬೇಕು ಎಂಬುದೆಲ್ಲ ಈ ಪೊರೆಯ ಆಡಳಿತಕ್ಕೆ ಸೇರಿದುದು.

ಮೆದುಳಿನ ನರಕೋಶಗಳಿಗೂ ಇದೇ ಬಗೆಯ ಪೊರೆಯುಂಟು. ಮೆದುಳಿನಿಂದ ನೀರಿನ ಅಂಶವನ್ನು ಕಳೆದರೆ ಉಳಿಯುವುದರಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಆಗಿದೆ. ಒಂದು ನರಕೋಶವು ಇನ್ನೊಂದಕ್ಕೆ ಹೇಳುವ ಮಾತೆಲ್ಲವೂ ಪೊರೆಯ ಮೇಲಿರುವ ಪ್ರೋಟೀನುಗಳೆಂಬ ಬಾಗಿಲುಗಳ ಮೂಲಕವೇ ನಡೆಯಬೇಕು. ಹೀಗಿರುವಾಗ ಖಿನ್ನತೆಯಲ್ಲಿ ಈ ಪೊರೆಗೆ ಏನಾದರೂ ವ್ಯತ್ಯಾಸವಾಗಿದೆಯೇ ಎಂದು ನೋಡಬೇಕಾದರೆ, ಬದುಕಿರುವವರ ಮೆದುಳಿನಿಂದ ಒಂದು ತುಣುಕನ್ನು ತೆಗೆಯುವುದು ಸಾಧ್ಯವೇ? ಆದರೆ ತೋಳಿನಿಂದ ಒಂದು ಚಮಚೆ ರಕ್ತವನ್ನು ತೆಗೆಯಬಹುದು. ಅನ್ನವು ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ವಿಜ್ಞಾನಿಗಳು ಹಿಡಿದುದೂ ಇದೇ ಉಪಾಯ. ಆದರೆ ಒಂದು ಮಾತನ್ನು ಮರೆಯಬಾರದು. ರಕ್ತವೂ ಮೆದುಳೂ ಒಂದೇ ಪಾತ್ರೆಯ ಅನ್ನವಲ್ಲ. ಒಂದೇ ಉಗ್ರಾಣದ ಸಾಮಾನಿನಿಂದ ಬೇರೆ ಬೇರೆ ಒಲೆಗಳ ಮೇಲೆ ಬೇಯುತ್ತಿರುವ ಎರಡು ಪಾತ್ರೆಗಳು ಅವು. ಒಂದರ ಅಗುಳು ಇನ್ನೊಂದರ ಸುದ್ದಿಯನ್ನು ಸ್ವಲ್ಪಮಟ್ಟಿಗೆ ಹೇಳೀತು, ಪೂರ್ತಿಯಾಗಿ ಹೇಳಲಾರದು.

ಕೆಂಪು ಕಣವು ತನ್ನ ಪೊರೆಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲಾರದು; ಕಳೆದ ಕೆಲವು ತಿಂಗಳು ನಾವು ಉಂಡ ಅನ್ನದ ಲೆಕ್ಕವು ಅದರಲ್ಲಿ ಬರೆದಿಟ್ಟಂತೆ ಉಳಿದಿರುತ್ತದೆ. ಒಮೆಗಾ-೩ ಎಂಬ ಜಾತಿಯ ಮೇದಾಮ್ಲಗಳು ನಮ್ಮ ಕರಾವಳಿಯ ಬೂತಾಯಿ, ಬಂಗುಡೆ ಮೀನುಗಳಲ್ಲಿ ಹೇರಳವಾಗಿವೆ. ಇವುಗಳ ಇನ್ನೊಂದು ರೂಪವು ಬಯಲುಸೀಮೆಯವರು ಚಟ್ನಿಪುಡಿ ಮಾಡುವ ಅಗಸೆ ಬೀಜದಲ್ಲಿದೆ. ಆದರೆ ಅದನ್ನು ಮೆದುಳಿಗೆ ಒಪ್ಪುವ ರೂಪಕ್ಕೆ ತರುವ ಶಕ್ತಿಯು ನಮ್ಮ ದೇಹಕ್ಕೆ ಅಲ್ಪವಾಗಿದೆ. ೧೯೯೮ರಲ್ಲಿ ಬ್ರಿಟನ್ನಿನ ಪೀಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಖಿನ್ನತೆಯ ರೋಗಿಗಳ ಕೆಂಪು ಕಣಗಳ ಪೊರೆಯಲ್ಲಿ ಒಮೆಗಾ-೩ ಕಡಿಮೆಯಾಗಿರುವುದನ್ನು ಕಂಡರು. ೨೦೧೦ರಲ್ಲಿ ಅಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಫಲವು ಹಾಗೆಯೇ ಬಂದಿತು.

ಹಾಗಾದರೆ ಮೀನೆಣ್ಣೆಯನ್ನು ಕುಡಿಸಿದರೆ ಖಿನ್ನತೆಯನ್ನು ತಡೆಯಬಹುದಲ್ಲವೇ ಎಂದು ಯಾರಾದರೂ ಕೇಳುವರು. ಅಮೆರಿಕದಲ್ಲಿ ೧೮,೦೦೦ಕ್ಕೂ ಹೆಚ್ಚು ಮಂದಿ ನಡುವಯಸ್ಸು ದಾಟಿದವರನ್ನು ಕೂಡಿಸಿ, ಕೆಲವರಿಗೆ ದಿನಕ್ಕೆ ೧ ಗ್ರಾಮಿನ ಮೀನೆಣ್ಣೆಯ ಗುಳಿಗೆಯನ್ನೂ ಉಳಿದವರಿಗೆ ಸತ್ವವಿಲ್ಲದ ಗುಳಿಗೆಯನ್ನೂ ಐದು ವರ್ಷಗಳಿಗೂ ಮೇಲ್ಪಟ್ಟು ಕೊಟ್ಟು ನೋಡಿದರು. ೨೦೨೧ರಲ್ಲಿ ಅದರ ಫಲವು ಪ್ರಕಟವಾಯಿತು. ಮೀನೆಣ್ಣೆಯು ಖಿನ್ನತೆಯನ್ನು ತಡೆಯಲಿಲ್ಲ. ಇದರಿಂದ ನಾವು ಕಲಿಯತಕ್ಕ ಪಾಠವು ದೊಡ್ಡದು. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಮನಸ್ಸು ಕುಗ್ಗಿದವಳು ಊಟವನ್ನು ಬಿಡುತ್ತಾಳೆ. ಊಟವನ್ನು ಬಿಟ್ಟರೆ ರಕ್ತಕಣದ ಪೊರೆಯೂ ಬದಲಾಗುತ್ತದೆ. ಮೋಡದಿಂದ ಮಳೆಯೋ ಮಳೆಯಿಂದ ಮೋಡವೋ ಎಂಬಂಥ ಈ ಪ್ರಶ್ನೆಗೆ ರಕ್ತದ ಹನಿಯೊಂದೇ ಉತ್ತರಕೊಡಲಾರದು.

ಎರಡನೆಯ ಸಾಕ್ಷಿಯು ಪ್ಲೇಟ್‌ಲೆಟ್ಟುಗಳದು. ಡೆಂಗಿ ಜ್ವರದ ಕಾಲದಲ್ಲಿ ಎಲ್ಲರ ಬಾಯಲ್ಲಿಯೂ ಕೇಳಿಬರುವ ಈ ಸಣ್ಣ ತುಣುಕುಗಳು ಗಾಯದ ರಕ್ತವನ್ನು ಹೆಪ್ಪುಗಟ್ಟಿಸುತ್ತವೆ. ಅವು ಸೆರೊಟೋನಿನ್ ಎಂಬ ವಸ್ತುವನ್ನೂ ಹೊತ್ತು ತಿರುಗುತ್ತವೆ. ೧೯೪೮ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರಾಪೊರ್ಟ್, ಪೇಜ್ ಎಂಬ ಇಬ್ಬರು ಗಂಡಸರೂ ಆರ್ಡಾ ಗ್ರೀನ್ ಎಂಬ ಮಹಿಳೆಯೂ ಸೇರಿ ಇದನ್ನು ರಕ್ತದಿಂದ ಬೇರ್ಪಡಿಸಿದರು. ಇದು ರಕ್ತನಾಳಗಳನ್ನು ಬಿಗಿಗೊಳಿಸುವ ವಸ್ತುವೆಂದು ಮಾತ್ರ ಆಗ ತಿಳಿದಿತ್ತು. ೧೯೫೩ರಲ್ಲಿ ಬೆಟ್ಟಿ ಟ್ವಾರೋಗ್ ಎಂಬ ತರುಣ ವಿಜ್ಞಾನಿಯು ಪೇಜ್ ಅವರೊಡನೆ ಇದು ಮೆದುಳಿನಲ್ಲಿಯೂ ಇದೆಯೆಂದು ತೋರಿಸಿಕೊಟ್ಟಳು. ಮನಸ್ಸಿನ ಔಷಧಗಳ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ಕೈಯೂ ಇದೆಯೆಂಬುದನ್ನು ನಮ್ಮ ಶಾಲೆಯ ಬಾಲಕಿಯರು ನೆನಪಿನಲ್ಲಿಡಬೇಕು.

ಪ್ಲೇಟ್‌ಲೆಟ್ಟಿನ ಪೊರೆಯಲ್ಲಿ ಸೆರೊಟೋನಿನನ್ನು ಒಳಗೆಳೆದುಕೊಳ್ಳುವ ಬಾಗಿಲೊಂದುಂಟು. ನರಕೋಶದ ಪೊರೆಯಲ್ಲಿರುವುದೂ ಅದೇ ಬಾಗಿಲು. ಈಗ ಖಿನ್ನತೆಗೆ ಕೊಡುವ ಗುಳಿಗೆಗಳಲ್ಲಿ ಅನೇಕವು ಈ ಬಾಗಿಲನ್ನೇ ತಡೆಯುತ್ತವೆ. ೧೯೮೦ರಲ್ಲಿ ಫ್ರಾನ್ಸಿನ ಸಂಶೋಧಕರು, ಖಿನ್ನತೆಯ ಔಷಧವು ಅಂಟಿಕೊಳ್ಳುವ ಸ್ಥಾನಗಳು ರೋಗಿಗಳ ಪ್ಲೇಟ್‌ಲೆಟ್ಟುಗಳ ಮೇಲೆ ಕಡಿಮೆಯಾಗಿವೆಯೆಂದು ಪ್ರಕಟಿಸಿದಾಗ, ಇನ್ನು ರಕ್ತವನ್ನು ನೋಡಿ ಖಿನ್ನತೆಯನ್ನು ಹೇಳಬಹುದೆಂಬ ಆಸೆಯು ಹುಟ್ಟಿತು. ಮುಂದೆ ನಡೆದ ಪರೀಕ್ಷೆಗಳೆಲ್ಲ ಒಂದೇ ಉತ್ತರವನ್ನು ಕೊಡಲಿಲ್ಲ. ೨೦೨೨ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿದ ಕೆಲವು ವಿದ್ವಾಂಸರು, ಸೆರೊಟೋನಿನ್ ಕಡಿಮೆಯಾದುದೇ ಖಿನ್ನತೆಗೆ ಕಾರಣವೆಂಬುದಕ್ಕೆ ಸ್ಥಿರವಾದ ಆಧಾರವಿಲ್ಲವೆಂದರು. ಅಂದಮಾತ್ರಕ್ಕೆ ಔಷಧಗಳು ನಿಷ್ಪ್ರಯೋಜಕವೆಂದು ತಿಳಿಯಬಾರದು. ೨೦೧೮ರಲ್ಲಿ ೫೨೨ ಪರೀಕ್ಷೆಗಳನ್ನು ಒಟ್ಟುಗೂಡಿಸಿದಾಗ, ನೋಡಿದ ೨೧ ಔಷಧಗಳೂ ಬರಿಯ ಗುಳಿಗೆಗಿಂತ ಮೇಲೆಂದು ಕಂಡುಬಂದಿತು. ಬೀಗವು ಹೇಗೆ ಕೆಟ್ಟಿತೆಂದು ಪೂರ್ತಿ ತಿಳಿಯದಿದ್ದರೂ ಕೀಲಿಕೈ ಒಂದು ತೆರೆಯುವುದುಂಟಷ್ಟೆ.

ಈಚೆಗೆ ನಡೆದಿರುವ ಇನ್ನೊಂದು ಶೋಧನೆಯು ನಮಗೆ ಬಹಳ ಸ್ವಾರಸ್ಯವಾಗಿ ತೋರಿತು. ಕೋಶಪೊರೆಯ ಎಣ್ಣೆಯಲ್ಲಿ ಅಲ್ಲಲ್ಲಿ ಕೊಲೆಸ್ಟರಾಲು ಹೆಚ್ಚಾಗಿ ಸೇರಿ, ಸ್ವಲ್ಪ ಗಟ್ಟಿಯಾದ ತೆಪ್ಪಗಳು ತೇಲುತ್ತಿರುತ್ತವೆ. ಹೊರಗಿನ ಸಂದೇಶವನ್ನು ಒಳಗಿನ ಯಂತ್ರಕ್ಕೆ ಮುಟ್ಟಿಸುವ ಒಂದು ಪ್ರೋಟೀನು ಪೊರೆಯ ಒಳಮೈಗೆ ಅಂಟಿಕೊಂಡಿರುತ್ತದೆ. ಅದನ್ನು ನಾವು ಓಲೆಕಾರನೆಂದು ಕರೆಯೋಣ. ಅಮೆರಿಕದ ಷಿಕಾಗೋ ನಗರದ ಇಲಿನಾಯ್ ವಿಶ್ವವಿದ್ಯಾನಿಲಯದ ರಾಸೆನಿಕ್ ಎಂಬವರೂ ಅವರ ಸಂಗಡಿಗರೂ, ಖಿನ್ನತೆಯಿಂದ ನರಳಿ ಪ್ರಾಣ ಕಳೆದುಕೊಂಡವರ ಮೆದುಳಿನಲ್ಲಿ ಈ ಓಲೆಕಾರನು ಹೆಚ್ಚಾಗಿ ತೆಪ್ಪಗಳಲ್ಲಿಯೇ ಸಿಕ್ಕಿಕೊಂಡಿರುವನೆಂದು ೨೦೦೮ರಲ್ಲಿ ಪ್ರಕಟಿಸಿದರು. ಅಲ್ಲಿ ಸಿಕ್ಕಿಕೊಂಡವನು ಓಲೆಯನ್ನು ಮುಟ್ಟಿಸಲಾರ. ಖಿನ್ನತೆಯ ಔಷಧಗಳು ನಿಧಾನವಾಗಿ ತೆಪ್ಪಗಳಲ್ಲಿ ಸೇರಿಕೊಂಡು ಅವನನ್ನು ಬಿಡಿಸುವುವೆಂದು ಅವರ ಪ್ರಯೋಗಗಳಿಂದ ತೋರಿಬಂದಿದೆ. ಔಷಧವು ಗುಣ ತೋರಿಸಲು ವಾರಗಟ್ಟಲೆ ಹಿಡಿಯುವುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ಅವರ ಅಭಿಪ್ರಾಯ. ೨೦೨೨ರಲ್ಲಿ ಇದೇ ತೊಡಕಿನ ಗುರುತನ್ನು ಅವರು ರೋಗಿಗಳ ಪ್ಲೇಟ್‌ಲೆಟ್ಟುಗಳಲ್ಲಿಯೂ ಕಂಡರು. ಇವು ಸಣ್ಣ ಪ್ರಮಾಣದ ಪ್ರಯೋಗಗಳು. ಆಸ್ಪತ್ರೆಗಳಲ್ಲಿ ಉಪಯೋಗಿಸುವ ಪರೀಕ್ಷೆಯಾಗಿ ಇನ್ನೂ ಬೆಳೆದಿಲ್ಲ.

ಬಿಳಿ ರಕ್ತಕಣಗಳಿಗೂ ಈ ಕಥೆಯಲ್ಲಿ ಪಾತ್ರವುಂಟು. ರೋಗಾಣುಗಳೊಡನೆ ಹೋರಾಡುವಾಗ ಅವು ಹೊರಡಿಸುವ ಕೆಲವು ವಸ್ತುಗಳು ಮೆದುಳಿಗೂ ಸುದ್ದಿಯನ್ನು ಮುಟ್ಟಿಸುತ್ತವೆ. ಜ್ವರ ಬಂದವಳು ಯಾರೊಡನೆಯೂ ಮಾತು ಬೇಡವೆಂದು ಕಂಬಳಿ ಹೊದೆದು ಮಲಗುವುದು ಇದರಿಂದಲೇ. ಹಿಂದೆ ಪಿತ್ತಜನಕಾಂಗದ ವೈರಸ್ ರೋಗಕ್ಕೆ ಇಂಥದೇ ಒಂದು ವಸ್ತುವಾದ ಇಂಟರ್‌ಫೆರಾನನ್ನು ಔಷಧವಾಗಿ ಕೊಟ್ಟಾಗ, ಮೊದಲು ಸುಖಿಗಳಾಗಿದ್ದ ಅನೇಕರು ಖಿನ್ನರಾದರು. ದೇಹದಲ್ಲಿ ಬಹುಕಾಲ ಕುದಿಯುವ ಉರಿಯೂತವು ಕೆಲವರಲ್ಲಿ ಮನಸ್ಸನ್ನೂ ಕುಗ್ಗಿಸಬಲ್ಲುದೆಂದು ಇದರಿಂದ ತಿಳಿದುಬಂದಿತು. ಎಲ್ಲ ಖಿನ್ನರಲ್ಲಿಯೂ ಹೀಗೆಯೇ ಇರುವುದೆಂದು ಮಾತ್ರ ಹೇಳಲಾಗದು.

ಇದುವರೆಗೆ ಹೇಳಿದುದು ದೂರದೇಶಗಳ ಪ್ರಯೋಗಶಾಲೆಗಳ ಸಂಗತಿ. ಈಗ ನಮ್ಮ ಅಡಿಗೆಮನೆಗಳ ಸಂಗತಿಯನ್ನು ಹೇಳುತ್ತೇವೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಭಾರತದ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ಶೇಕಡಾ ೫೭ ಮಂದಿಗೆ ರಕ್ತಹೀನತೆಯಿತ್ತು. ೧೫ರಿಂದ ೧೯ ವಯಸ್ಸಿನ ಹುಡುಗಿಯರಲ್ಲಿ ಶೇಕಡಾ ೫೯. ಎಂದರೆ ಶಾಲೆಯ ಬೆಂಚಿನ ಮೇಲೆ ಐದು ಮಂದಿ ಕುಳಿತಿದ್ದರೆ ಮೂವರು! ಕಬ್ಬಿಣದ ಅಂಶವು ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವುದೆಂದು ಎಲ್ಲರೂ ಬಲ್ಲರು. ಆದರೆ ಮೆದುಳಿನಲ್ಲಿ ಸೆರೊಟೋನಿನ್, ಡೋಪಮೀನ್ ಎಂಬ ವಸ್ತುಗಳು ತಯಾರಾಗುವುದಕ್ಕೂ ಕಬ್ಬಿಣವೇ ಬೇಕೆಂಬುದನ್ನು ಬಲ್ಲವರು ಕಡಿಮೆ. ರಕ್ತಹೀನತೆಯಿಂದ ಬರುವ ಆಯಾಸ, ನಿರುತ್ಸಾಹ, ಓದಿನಲ್ಲಿ ಮನಸ್ಸು ನಿಲ್ಲದಿರುವುದು, ಇವು ಖಿನ್ನತೆಯ ಲಕ್ಷಣಗಳನ್ನೇ ಹೋಲುತ್ತವೆ. ಕೆಲವರಲ್ಲಿ ಎರಡೂ ಕೂಡಿಯೇ ಇರುತ್ತವೆ.

ಇಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯನ್ನು ನೆನೆಯದೆ ಮುಂದುವರಿಯಲಾರೆವು. ಆಕೆಯು ೧೯೨೮ರಲ್ಲಿ ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರಿಶೀಲಿಸಿದಳು. ಅವರ ಊಟವೆಷ್ಟು, ಅದರಲ್ಲಿ ಏನೇನಿದೆಯೆಂದು ವಿಚಾರಿಸಿ, ಕೊನೆಗೆ ಯೀಸ್ಟಿನ ಸಾರದಿಂದ ಆ ರೋಗವು ಗುಣವಾಗುವುದೆಂದು ೧೯೩೧ರಲ್ಲಿ ಪ್ರಕಟಿಸಿದಳು. ಅದರಲ್ಲಿದ್ದ ಸತ್ವವೇ ಇಂದು ಗರ್ಭಿಣಿಯರಿಗೆಲ್ಲ ಕೊಡುವ ಫೋಲಿಕ್ ಆಮ್ಲ. ಇದೂ ಬಿ೧೨ ಎಂಬ ಜೀವಸತ್ವವೂ ಸೇರಿ ಮಜ್ಜೆಯಲ್ಲಿ ರಕ್ತಕಣಗಳನ್ನು ಬೆಳೆಯಿಸುತ್ತವೆ. ಕೋಶಪೊರೆಗೆ ಬೇಕಾದ ಒಂದು ಬಗೆಯ ಕೊಬ್ಬಿನ ತಯಾರಿಕೆಗೂ ನರಗಳ ಆರೋಗ್ಯಕ್ಕೂ ನೆರವಾಗುತ್ತವೆ. ಬಿ೧೨ ತೀರ ಕಡಿಮೆಯಾದರೆ ರಕ್ತ ಕೆಡುವುದಲ್ಲದೆ ಮರೆವು, ಮಂಕು, ಖಿನ್ನತೆಗಳೂ ಬರಬಹುದು. ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ಅದುಂಟು. ಗಿಡದ ಆಹಾರದಲ್ಲಿ ಇಲ್ಲವೆಂದೇ ಹೇಳಬೇಕು. ಮನೆಯವರಿಗೆಲ್ಲ ಬಡಿಸಿ, ತಳದಲ್ಲುಳಿದ ಸಾರನ್ನು ತಾನುಣ್ಣುವ ತಾಯಿಯ ರಕ್ತದಲ್ಲಿ ಇವೆಲ್ಲವೂ ಕಡಿಮೆಯಾದರೆ ಆಶ್ಚರ್ಯವೇನು?

ಈ ಶಾಲೆಯ ಬೋರ್ಡಿಂಗಿನಲ್ಲಿ ನಮಗಿಂತ ಎರಡು ತರಗತಿ ಕೆಳಗೆ ಓದುತ್ತಿದ್ದ ಒಬ್ಬ ಗೆಳತಿಯ ವಿಷಯವನ್ನು, ಆಕೆಯ ಒಪ್ಪಿಗೆಯನ್ನು ಪಡೆದು, ಹೆಸರನ್ನು ಹೇಳದೆ ಇಲ್ಲಿ ಬರೆಯುತ್ತೇವೆ. ಶಾಲೆಯ ಗಾಯನ ತಂಡದಲ್ಲಿ ಆಕೆಯ ಧ್ವನಿಯಿಲ್ಲದೆ ಹಾಡು ಏಳುತ್ತಿರಲಿಲ್ಲ. ಮದುವೆಯಾಗಿ, ಎರಡನೆಯ ಹೆರಿಗೆಯಾದ ಮೇಲೆ ಆಕೆಯು ಮೌನವಾದಳು. ಬೆಳಿಗ್ಗೆ ಹಾಸಿಗೆಯಿಂದ ಏಳಲಾರಳು. ಕೂಸು ಅತ್ತರೂ ಎತ್ತಿಕೊಳ್ಳಲಾರಳು. ಮನೆಯವರಲ್ಲಿ ಒಬ್ಬರು ಸೋಮಾರಿಯೆಂದರು, ಒಬ್ಬರು ಗರ್ವಿಯೆಂದರು, ಬಂಧುಗಳೊಬ್ಬರು ನಂಬಿಕೆ ಸಾಲದೆಂದರು. ಕೊನೆಗೆ ಆಕೆಯ ತಾಯಿಯು ನಮ್ಮ ಆಸ್ಪತ್ರೆಗೆ ಕರೆತಂದರು. ಆಕೆಯ ರಕ್ತವನ್ನು ಗಾಜಿನ ಮೇಲೆ ಹರಡಿ ನೋಡಿದವರು ನಾವೇ. ಕಣಗಳೆಲ್ಲ ಸಣ್ಣವಾಗಿ, ನಡುವೆ ಬಣ್ಣವಿಲ್ಲದೆ, ಗಾಜಿನ ಬಳೆಗಳನ್ನು ಚೆಲ್ಲಿದಂತೆ ಕಾಣುತ್ತಿದ್ದುವು. ೧೨ ಇರತಕ್ಕ ಹಿಮೊಗ್ಲೋಬಿನ್ ೮ಕ್ಕೆ ಇಳಿದಿತ್ತು. ವೈದ್ಯರು ಕಬ್ಬಿಣದ ಗುಳಿಗೆಗಳನ್ನು ಕೊಟ್ಟರು. ಮೂರು ತಿಂಗಳಲ್ಲಿ ಮುಖದ ಬಿಳುಪು ಹೋಯಿತು. ಮೆಟ್ಟಲು ಹತ್ತುವಾಗಿನ ಏದುಸಿರು ನಿಂತಿತು. ಕಣಗಳು ತುಂಬಿಕೊಂಡು ಕೆಂಪಾದುವು. ಆದರೆ ಆಕೆಯ ಮನಸ್ಸು ಮಾತ್ರ ತುಂಬಿಕೊಳ್ಳಲಿಲ್ಲ.

ಆಗ ನಡೆದುದೇ ಎಲ್ಲಕ್ಕಿಂತ ಕಷ್ಟವಾದುದು. ನಾವು ಸಹಿ ಹಾಕಿಕೊಟ್ಟ ವರದಿಯನ್ನೇ ಕೈಯಲ್ಲಿ ಹಿಡಿದು, “ರಕ್ತ ಸರಿಹೋಯಿತಲ್ಲ, ಇನ್ನೇನು ಬೇಕು? ಇನ್ನು ಮೇಲೆ ಇದೆಲ್ಲ ನಟನೆ” ಎಂದು ಮನೆಯವರು ಹೇಳತೊಡಗಿದರು. ಆಕೆಯು ಒಂದು ದಿನ ಒಬ್ಬಳೇ ನಮ್ಮ ಕೋಣೆಗೆ ಬಂದು, ಬಾಗಿಲ ಬಳಿಯಲ್ಲಿಯೇ ನಿಂತು ಕೇಳಿದಳು: “ಅಕ್ಕಾ, ನೀವು ದಿನಾ ರಕ್ತವನ್ನೇ ನೋಡುವವರು. ನಿಜ ಹೇಳಿ. ನನ್ನ ರಕ್ತದಲ್ಲಿ ರೋಗ ಇಲ್ಲವಾದರೆ ನಾನು ನಟನೆ ಮಾಡುತ್ತಿದ್ದೇನೆಯೇ? ಇದೆಯೆಂದಾದರೆ ನನ್ನ ಮಗಳಿಗೂ ಬರುವುದೇ?” ಇಂಥ ಪ್ರಶ್ನೆಯನ್ನು ಯಾವ ವಿಶ್ವವಿದ್ಯಾನಿಲಯದ ಪರೀಕ್ಷೆಯಲ್ಲಿಯೂ ನಮಗೆ ಕೇಳಿರಲಿಲ್ಲ.

ನಾವು ಹೇಳಿದೆವು: “ತಂಗೀ, ನಾವು ನೋಡುವುದು ಒಂದು ಹನಿ. ಆ ಹನಿಯಲ್ಲಿ ನಿನ್ನ ಕಬ್ಬಿಣದ ಲೆಕ್ಕವಿದೆ, ನಿನ್ನ ಸಂಕಟದ ಲೆಕ್ಕವಿಲ್ಲ. ಈ ವರದಿಯಲ್ಲಿ ಕಾಣದ ಮಾತ್ರಕ್ಕೆ ನಿನ್ನ ನೋವು ಸುಳ್ಳಾಗದು. ಮಗಳ ವಿಷಯಕ್ಕೆ ಹೇಳುವುದಾದರೆ, ತಾಯಿಗೆ ಬಂದುದು ಮಗಳಿಗೆ ಬಂದೇ ಬರಬೇಕೆಂಬ ನಿಯಮವೇನೂ ಇಲ್ಲ.” ನಮ್ಮ ಮಾತು ಬರಿಯ ಸಮಾಧಾನದ ಮಾತಾಗಿರಲಿಲ್ಲ. ಅವಳಿಮಕ್ಕಳ ಅಧ್ಯಯನಗಳನ್ನು ೨೦೦೦ದಲ್ಲಿ ಒಟ್ಟುಗೂಡಿಸಿ ನೋಡಿದವರು, ಖಿನ್ನತೆಯ ವಿಷಯದಲ್ಲಿ ಜನರೊಳಗೆ ಕಾಣುವ ವ್ಯತ್ಯಾಸಗಳಲ್ಲಿ ಶೇಕಡಾ ೩೭ರಷ್ಟು ಮಾತ್ರ ವಂಶಗುಣದಿಂದ ಬಂದುದೆಂದು ಲೆಕ್ಕಹಾಕಿದ್ದಾರೆ. ಆ ವಂಶಗುಣವೂ ಒಂದೇ ದೋಷವಲ್ಲ. ಪ್ರತಿಯೊಬ್ಬರಲ್ಲಿಯೂ ಅಷ್ಟಿಷ್ಟು ಇರುವ ನೂರಾರು ಸಣ್ಣ ಸಣ್ಣ ಭೇದಗಳ ಕೂಟ. “ಆ ಮನೆತನದ ರಕ್ತ” ಎಂದು ಬೆರಳು ತೋರಿಸುವವರ ಮನೆಯಲ್ಲಿಯೂ ಅವು ಇದ್ದೇ ಇವೆ.

ವೈದ್ಯರ ಸಲಹೆಯಂತೆ ಆಕೆಯು ಮನೋರೋಗ ತಜ್ಞರ ಬಳಿಗೆ ಹೋದಳು. ಅವರು ಸೂಜಿಯನ್ನು ಹಿಡಿಯಲಿಲ್ಲ. ಒಂದು ಗಂಟೆಯ ಕಾಲ ಕುಳಿತು ಆಕೆಯ ಮಾತನ್ನು ಕೇಳಿದರು. ಔಷಧವನ್ನು ಕೊಟ್ಟರು, ವಾರವಾರವೂ ಮಾತಾಡಿಸಿದರು, ಪತಿಯನ್ನೂ ಅತ್ತೆಯವರನ್ನೂ ಕರೆದು ವಿವರಿಸಿದರು. ಮೊದಲ ಮೂರು ವಾರಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ತಿಂಗಳಲ್ಲಿ ಒಂದು ದಿನ ಆಕೆಯು ಪಾತ್ರೆ ತೊಳೆಯುತ್ತ ಮೆಲ್ಲಗೆ ಗುನುಗಿದಳಂತೆ. ಅದನ್ನು ಮೊದಲು ಕೇಳಿದವರು ಅತ್ತೆಯವರೇ. ಫೋನು ಮಾಡಿ ನಮಗೆ ತಿಳಿಸಿದವರೂ ಅವರೇ. ಈಗ ಆಕೆಯ ಮಗಳು ಇದೇ ಶಾಲೆಯಲ್ಲಿ ಓದುತ್ತಿದ್ದಾಳೆ.

ವಿಜ್ಞಾನವು ರಕ್ತವನ್ನು ಕುರಿತು ಹೇಳುವ ಮಾತಿಗೂ ನೆರೆಹೊರೆಯವರು ಪಿಸುಗುಟ್ಟುವ 'ರಕ್ತ'ಕ್ಕೂ ಇರುವ ಭೇದವು ಈಗ ಸ್ಪಷ್ಟವಾಯಿತೆಂದು ನಂಬುತ್ತೇವೆ. ನೆರೆಹೊರೆಯವರ ರಕ್ತವು ಹಣೆಬರಹದಂತೆ. ಹುಟ್ಟಿನಲ್ಲಿ ಬಂದುದು ಸಾಯುವವರೆಗೆ ಬದಲಾಗದು. ನಾವು ಸೂಕ್ಷ್ಮದರ್ಶಕದಲ್ಲಿ ಕಂಡ ರಕ್ತವಾದರೋ ದಿನದಿನಕ್ಕೂ ಹೊಸದಾಗುತ್ತಿರುತ್ತದೆ. ಇಂದಿನ ಪ್ಲೇಟ್‌ಲೆಟ್ಟು ಹತ್ತು ದಿನಕ್ಕೆ ಇರದು. ಇಂದಿನ ಕೆಂಪು ಕಣವು ನಾಲ್ಕು ತಿಂಗಳಿಗೆ ಇರದು. ಉಂಡ ಅನ್ನ, ಪಟ್ಟ ಕಷ್ಟ, ತೆಗೆದುಕೊಂಡ ಔಷಧ, ಎಲ್ಲದರ ಗುರುತೂ ಅದರ ಮೇಲೆ ಬೀಳುತ್ತದೆ, ಅಳಿಯುತ್ತದೆ. ಖಿನ್ನತೆಯು ದೇಹದಲ್ಲಿಯೂ ಬೇರುಳ್ಳ ರೋಗವೆಂಬುದಕ್ಕೆ ಈ ಕಣಗಳು ಸಾಕ್ಷಿ. ಆದುದರಿಂದ ಅದು ಸೋಮಾರಿತನವಲ್ಲ, ಗರ್ವವಲ್ಲ, ನಂಬಿಕೆಯ ಕೊರತೆಯೂ ಅಲ್ಲ. ಆದರೆ ಇಷ್ಟೇ ಸಾಕ್ಷಿಯಿಂದ ತೀರ್ಪು ಹೇಳುವ ಕಾಲವು ಬಂದಿಲ್ಲ. ಖಿನ್ನತೆ ಇದೆ ಅಥವಾ ಇಲ್ಲವೆಂದು ಹೇಳಬಲ್ಲ ರಕ್ತಪರೀಕ್ಷೆಯು ಇಂದಿಗೂ ಇಲ್ಲ. ಹಾಗೆಂದು ಜಾಹೀರಾತು ಮಾಡುವವರಿಗೆ ಹಣವನ್ನು ತೆರಬೇಡಿರಿ.

ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೆ. ಮಗಳು ಎರಡು ವಾರಗಳಿಗೂ ಹೆಚ್ಚಾಗಿ ಮಂಕಾಗಿದ್ದರೆ ಗದರಿಸದಿರಿ; ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ಹಿಮೊಗ್ಲೋಬಿನ್, ಬಿ೧೨, ಥೈರಾಯಿಡ್‌ಗಳನ್ನು ವೈದ್ಯರು ನೋಡಲಿ, ಕೊರತೆಯಿದ್ದರೆ ತುಂಬಲಿ. ಕೊರತೆಯಿಲ್ಲವೆಂದು ಕಂಡರೆ, ಅಥವಾ ತುಂಬಿದ ಮೇಲೂ ಮಂಕು ಹೋಗದಿದ್ದರೆ, ಅಲ್ಲಿಗೆ ನಿಲ್ಲದೆ ಮನಸ್ಸಿನ ವೈದ್ಯರನ್ನು ಕಾಣಿರಿ. ಔಷಧವನ್ನು ತಾವಾಗಿಯೇ ನಿಲ್ಲಿಸಬೇಡಿರಿ. ಬದುಕು ಬೇಡವೆಂಬ ಮಾತು ಬಾಯಿಂದ ಬಂದರೆ ಒಂದು ದಿನವೂ ತಡಮಾಡಬಾರದು. ಆಕೆಯನ್ನು ಒಬ್ಬಳನ್ನೇ ಬಿಡಲೂ ಬಾರದು. ಸರಕಾರದವರು ೨೦೨೨ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿಯ ಸೇವೆಯುಂಟು. ೧೪೪೧೬ ಸಂಖ್ಯೆಗೆ ಹಗಲಿರುಳು ಯಾವಾಗ ಕರೆದರೂ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾದುದಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ಈ ಸಂಚಿಕೆಯು ಕೈಗೆ ಬಂದಾಗ ನೀವು ಹಳೆಯ ಭಾವಚಿತ್ರಗಳಲ್ಲಿ ಗೆಳತಿಯರ ಮುಖಗಳನ್ನು ಹುಡುಕುವಿರಿ. ಬಹಳ ದಿನಗಳಿಂದ ಯಾರಿಂದ ಸುದ್ದಿಯಿಲ್ಲವೋ, ಕೂಟಕ್ಕೆ ಕರೆದರೂ ಯಾರು ಬರಲಿಲ್ಲವೋ ಅವರ ಮುಖದ ಬಳಿ ಸ್ವಲ್ಪ ಹೊತ್ತು ನಿಲ್ಲಿರಿ. ಅವರ ಮನೆಗೆ ಹೋಗಿರಿ. ಹೋಗಲಾಗದಿದ್ದರೆ ಫೋನು ಮಾಡಿರಿ. ಉಪದೇಶ ಮಾಡಬೇಡಿರಿ, ಹೇಗಿದ್ದೀ ಎಂದು ಕೇಳಿ ಉತ್ತರ ಬರುವವರೆಗೆ ಕಾದಿರಿ. ಮನಸ್ಸಿನ ನೋವನ್ನು ಮೊದಲು ಕಂಡುಹಿಡಿಯುವ ಸಾಧನವು ಈಗಲೂ ಮನುಷ್ಯರ ಕಿವಿಯೇ. ಅದು ನಿಮ್ಮಲ್ಲಿ ಎಲ್ಲರಿಗೂ ಇದೆ. ನಮ್ಮ ಶಾಲೆಯ ಮಕ್ಕಳೆಲ್ಲರೂ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಆರೋಗ್ಯವಂತರಾಗಿ ಬಾಳಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.